ಸುಣ್ಣದ ಕಲ್ಲು ಕರಗುವುದುಂಟೆ?

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಿನ ಕಾಫಿ ತೋಟಗಳಲ್ಲಿ ಮಣ್ಣಿನ ಹುಳಿಯನ್ನು ತಗ್ಗಿಸಲು ಸುಣ್ಣವನ್ನು ಎರಚುವುದು ವಾಡಿಕೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಕಾಯಿಸಿದರೆ ಏನಾಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಕಲ್ಲು ವಿಭಜನೆ ಹೊಂದುವುದೇ ಹೊರತು ಕರಗುವುದಿಲ್ಲ. ಹೀಗಿರುವಾಗ, ಭೂಗರ್ಭದಲ್ಲಿ ಕಾರ್ಬೊನೇಟು ಕರಗಿ ಶಿಲಾರಸವಾಗುತ್ತದೆಂದರೆ ನಂಬುವುದೆಂತು?

ಈ ಶಂಕೆ ಭೂವಿಜ್ಞಾನಿಗಳನ್ನೂ ಬಹುಕಾಲ ಕಾಡಿತು. ಕಾವೇರಿಯು ಕನ್ನಡ ನಾಡಿನ ಗಡಿಯಲ್ಲಿ ಧುಮುಕುವ ಹೊಗೇನಕಲ್ಲಿನ ಬಳಿ, ಸುಮಾರು 240 ಕೋಟಿ ವರ್ಷಗಳಷ್ಟು ಹಳೆಯ ಕಾರ್ಬೊನಟೈಟು ಶಿಲೆಯಿದೆ. ನೋಟಕ್ಕೆ ಅಮೃತಶಿಲೆಯಂತಿದ್ದರೂ ಇದು ಕಡಲ ತಳದಲ್ಲಿ ಹುಟ್ಟಿದುದಲ್ಲ. ಆಳದಿಂದ ದ್ರವವಾಗಿ ಮೇಲೇರಿ, ಬಿರುಕುಗಳಲ್ಲಿ ನುಗ್ಗಿ ಹೆಪ್ಪುಗಟ್ಟಿದ ಅಗ್ನಿಶಿಲೆ.

ಒಗಟನ್ನು ಬಿಡಿಸುವ ಕೀಲಿಕೈ ಒತ್ತಡ. ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಎಂಬಾತನು ಸೀಮೆಸುಣ್ಣವನ್ನು ಬಂದೂಕಿನ ನಳಿಗೆಯೊಳಗಿಟ್ಟು, ಬಾಯನ್ನು ಭದ್ರವಾಗಿ ಮುಚ್ಚಿ ಕಾಯಿಸಿದನು. ಹೊರಹೋಗಲು ದಾರಿಯಿಲ್ಲದ ಅನಿಲ ಒಳಗೇ ನಿಂತಿತು. ಸುಣ್ಣವು ಅಮೃತಶಿಲೆಯಂಥ ಗಟ್ಟಿ ಕಲ್ಲಾಯಿತು. ಈ ಪ್ರಯೋಗಗಳನ್ನು ಆತನು 1805ರಲ್ಲಿ ಎಡಿನ್‌ಬರೋದ ವಿದ್ವತ್ಸಭೆಯ ಮುಂದೆ ವಿವರಿಸಿದನು. ಮುಂದೆ 1960ರಲ್ಲಿ ವಿಲೀ ಮತ್ತು ಟಟಲ್ ಎಂಬ ವಿಜ್ಞಾನಿಗಳು, ನೀರಾವಿಯ ಒತ್ತಡದಲ್ಲಿ ಕ್ಯಾಲ್ಸೈಟು ಸುಮಾರು 650 ಡಿಗ್ರಿಯಲ್ಲಿಯೇ ಕರಗತೊಡಗುವುದನ್ನು ತೋರಿಸಿಕೊಟ್ಟರು. ಅದೇ ವರ್ಷ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯು ಕಾರ್ಬೊನೇಟಿನ ಲಾವಾವನ್ನೇ ಹರಿಸುತ್ತಿರುವುದು ಕಂಡುಬಂದಿತು. ಸೋಡಿಯಂ ತುಂಬಿದ ಈ ಕಪ್ಪು ಲಾವಾದ ಉಷ್ಣತೆ ಕೇವಲ 500–600 ಡಿಗ್ರಿ. ತೇವ ತಗುಲಿದೊಡನೆ ಅದು ಬೆಳ್ಳಗಾಗುತ್ತದೆ.

ಇನ್ನು ಭೂಮಿಯ ಮ್ಯಾಂಟಲಿನತ್ತ ಇಳಿಯೋಣ. 100 ಕಿಲೋಮೀಟರು ಆಳದಲ್ಲಿ ಒತ್ತಡವು ವಾತಾವರಣದ ಒತ್ತಡಕ್ಕಿಂತ ಸುಮಾರು 30,000 ಪಾಲು ಹೆಚ್ಚು. ಅಲ್ಲಿಯ ಪೆರಿಡೊಟೈಟು ಶಿಲೆ ಶುದ್ಧವಾಗಿದ್ದರೆ ಕರಗಲು 1,450 ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಆದರೆ ಅಲ್ಪ ಕಾರ್ಬೊನೇಟು ಬೆರೆತರೆ ಕರಗುವ ಆರಂಭಬಿಂದು ಸುಮಾರು 300 ಡಿಗ್ರಿಗಳಷ್ಟು ಕೆಳಗಿಳಿಯುತ್ತದೆ. ಇದು ಸೋಜಿಗವಲ್ಲ. ಸೀಸವು 327 ಡಿಗ್ರಿಯಲ್ಲಿಯೂ ತವರವು 232 ಡಿಗ್ರಿಯಲ್ಲಿಯೂ ಕರಗುತ್ತವೆ; ಅವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಬೆಸುಗೆ ಲೋಹಕ್ಕೆ 183 ಡಿಗ್ರಿಯೇ ಸಾಕು. ಮಿಶ್ರಣವು ತನ್ನ ಘಟಕಗಳಿಗಿಂತ ಬೇಗ ಕರಗಬಲ್ಲುದು.

ಆದರೆ ಸುಮಾರು 70 ಕಿಲೋಮೀಟರಿಗಿಂತ ಮೇಲೆ ಕಥೆ ಬದಲಾಗುತ್ತದೆ. ಅಲ್ಲಿ ಒತ್ತಡ ಸಾಲದು. ಕಾರ್ಬೊನೇಟು ಸುತ್ತಲಿನ ಸಿಲಿಕೇಟು ಖನಿಜಗಳೊಡನೆ ವರ್ತಿಸಿ ಅನಿಲವನ್ನು ಬಿಟ್ಟುಕೊಡುತ್ತದೆ. ಮೇಲೇರುವ ಕಾರ್ಬೊನೇಟು ದ್ರವದ ಬಹುಭಾಗ ದಾರಿಯಲ್ಲಿಯೇ ಹೀಗೆ ಅಳಿಯುವುದರಿಂದ, ಹೊಗೇನಕಲ್ಲಿನಂಥ ಶಿಲೆಗಳು ನೆಲದ ಮೇಲೆ ವಿರಳ.

ರಾಜ್‌ದೀಪ್ ದಾಸ್‌ಗುಪ್ತ ಮತ್ತು ಮಾರ್ಕ್ ಹಿರ್ಷ್‌ಮನ್ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಸಾಗರಮಧ್ಯದ ಪರ್ವತಶ್ರೇಣಿಗಳ ಕೆಳಗೆ 330 ಕಿಲೋಮೀಟರು ಆಳದಲ್ಲಿಯೇ ಈ ಕರಗುವಿಕೆ ಆರಂಭವಾಗಬಹುದು. ಹುಟ್ಟುವ ದ್ರವವು ಶಿಲೆಯ ಸಾವಿರದಲ್ಲಿ ಮೂರು ಪಾಲನ್ನೂ ಮೀರದು. ಆದರೂ ಅದರ ಕೆಲಸ ದೊಡ್ಡದು. ಅಪಾರ ಶಿಲಾರಾಶಿಯಲ್ಲಿ ಚದುರಿರುವ ಇಂಗಾಲವನ್ನು ಬಾಚಿಕೊಂಡು ಅದು ಮೇಲೇರುತ್ತದೆ.

ಇದರಿಂದ ನಮಗೇನು? ಕಡಲ ತಳದ ಸುಣ್ಣಕಲ್ಲಿನಲ್ಲಿ ಸೆರೆಯಾದ ಇಂಗಾಲದ ಒಂದಂಶ, ಭೂಫಲಕಗಳೊಡನೆ ಆಳಕ್ಕೆ ಜಾರಿಹೋಗುತ್ತದೆ. ಅದು ಮರಳಿ ಬಾರದೆ ಹೋಗಿದ್ದರೆ, ಕೋಟ್ಯಂತರ ವರ್ಷಗಳಲ್ಲಿ ವಾಯುಮಂಡಲದ ಇಂಗಾಲದ ಡೈಆಕ್ಸೈಡು ಕುಗ್ಗಿ, ಸಸ್ಯಗಳಿಗೆ ಆಹಾರವೂ ಭೂಮಿಗೆ ಬೆಚ್ಚನೆಯ ಹೊದಿಕೆಯೂ ಕ್ಷೀಣಿಸುತ್ತಿದ್ದವು. ಜ್ವಾಲಾಮುಖಿಗಳು ಆ ಸಾಲವನ್ನು ಮೆಲ್ಲಮೆಲ್ಲನೆ ತೀರಿಸುತ್ತಿವೆ. ಅರೇಹಳ್ಳಿಯ ಕಾಫಿ ಗಿಡದ ಎಲೆಯು ಇಂದು ಹೀರುವ ಇಂಗಾಲದಲ್ಲಿ, ಒಂದು ಕಾಲಕ್ಕೆ ಭೂಗರ್ಭದಲ್ಲಿ ಕರಗಿದ್ದ ಕಲ್ಲಿನ ಪಾಲೂ ಇದ್ದೀತು.