ಸಮಿತಿಯ ಸದಸ್ಯತ್ವ: ಗ್ರಂಥಾಲಯ ಸಂಘವೊಂದರ ಲೆಕ್ಕಪುಸ್ತಕದಿಂದ ವ್ಯಾಪಾರಿಗಳಿಗೆ ಕೆಲವು ಪಾಠಗಳು

ವಾಣಿಜ್ಯ ಸಂಸ್ಥೆಗಳಲ್ಲಿ ವಾರ್ಷಿಕ ಮಹಾಸಭೆ ಮುಗಿದ ಕೆಲವೇ ದಿನಗಳಲ್ಲಿ ಉಪಸಮಿತಿಗಳ ರಚನೆಯಾಗುವುದು ವಾಡಿಕೆ. ತೆರಿಗೆ, ಸಾರಿಗೆ, ಕಾರ್ಮಿಕ, ಕಟ್ಟಡ, ಪತ್ರಿಕೆ, ವಸ್ತುಪ್ರದರ್ಶನ ಎಂದು ಹತ್ತಾರು ಸಮಿತಿಗಳಿಗೆ ಸದಸ್ಯರ ಹೆಸರುಗಳು ಸೂಚಿತವಾಗುತ್ತವೆ, ಅನುಮೋದನೆಗೊಳ್ಳುತ್ತವೆ, ಭಾವಚಿತ್ರ ಸಹಿತ ಪ್ರಕಟವೂ ಆಗುತ್ತವೆ. ಮೂರನೆಯ ಸಭೆಯ ವೇಳೆಗೆ ಒಂಬತ್ತು ಮಂದಿಯ ಸಮಿತಿಯಲ್ಲಿ ಮೂವರು ಮಾತ್ರ ಹಾಜರಿರುತ್ತಾರೆ. ಕೋರಂ ಇಲ್ಲವೆಂದು ಚಹಾ ಸೇವಿಸಿ ಸಭೆಯನ್ನು ಮುಂದೂಡಲಾಗುತ್ತದೆ. ಆಯವ್ಯಯಕ್ಕೆ ಮುನ್ನ ಸರಕಾರಕ್ಕೆ ತಲುಪಬೇಕಾಗಿದ್ದ ಮನವಿಪತ್ರ ಆಯವ್ಯಯ ಮಂಡನೆಯಾದ ಮೇಲೆ ತಲುಪುತ್ತದೆ. ಇದರ ನಷ್ಟ ಸಮಿತಿಗೆ ತಟ್ಟುವುದಿಲ್ಲ. ಆ ಮನವಿಯನ್ನೇ ನಂಬಿ ಕುಳಿತಿದ್ದ ಸಣ್ಣ ವ್ಯಾಪಾರಿಗೆ, ಸಣ್ಣ ಉತ್ಪಾದಕನಿಗೆ ತಟ್ಟುತ್ತದೆ.

ಈ ದೌರ್ಬಲ್ಯ ವ್ಯಾಪಾರಿ ಸಂಘಗಳಿಗೆ ಮಾತ್ರ ಅಂಟಿಕೊಂಡದ್ದಲ್ಲ. ಸಂಬಳವಿಲ್ಲದೆ, ಸ್ವಂತ ಕಸುಬಿನ ನಡುವೆ ಬಿಡುವು ಮಾಡಿಕೊಂಡು ಸೇವೆ ಸಲ್ಲಿಸುವ ಸದಸ್ಯರನ್ನು ಅವಲಂಬಿಸಿರುವ ಎಲ್ಲ ಸಂಘಗಳೂ ಇದನ್ನು ಎದುರಿಸಿವೆ. ಅವುಗಳ ಪೈಕಿ ದೀರ್ಘ ಇತಿಹಾಸವುಳ್ಳದ್ದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್. ಪುಸ್ತಕ ಕಾಯುವವರ ಸಂಘದಿಂದ ಸರಕು ಮಾರುವವರು ಕಲಿಯುವುದೇನಿದೆ ಎಂದು ಕೇಳಬಹುದು. ಆ ಸಂಘದ ಹುಟ್ಟಿನಲ್ಲಿಯೇ ವ್ಯಾಪಾರಿಗಳ ಪಾತ್ರವಿತ್ತು. ಅದರ ಮೊದಲ ದೊಡ್ಡ ತೊಡಕು ಕೂಡ ಲೆಕ್ಕಪತ್ರದ್ದೇ ಆಗಿತ್ತು.

ಸಂಘದ ಹುಟ್ಟು, ಹಂಚಿಕೊಂಡ ಕೆಲಸ

1876ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವ ನಿಮಿತ್ತ ಫಿಲಡೆಲ್ಫಿಯಾ ನಗರದಲ್ಲಿ ಬೃಹತ್ ಕೈಗಾರಿಕಾ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಅದೇ ಸಂದರ್ಭದಲ್ಲಿ ಅಕ್ಟೋಬರ್ 4ರಿಂದ 6ರವರೆಗೆ ಗ್ರಂಥಪಾಲಕರ ಸಮ್ಮೇಳನ ನಡೆಯಿತು. 90 ಪುರುಷರು, 13 ಮಹಿಳೆಯರು, ಒಟ್ಟು 103 ಮಂದಿ ಸೇರಿ ಕೊನೆಯ ದಿನ ಸಂಘವನ್ನು ಸ್ಥಾಪಿಸಿದರು. ಈ ಸಮ್ಮೇಳನವನ್ನು ಕರೆಯಲು ಬೆನ್ನೆಲುಬಾಗಿ ನಿಂತವರಲ್ಲಿ 'ಪಬ್ಲಿಷರ್ಸ್ ವೀಕ್ಲಿ' ಎಂಬ ಪುಸ್ತಕ ವ್ಯಾಪಾರದ ಪತ್ರಿಕೆಯ ಫ್ರೆಡರಿಕ್ ಲೇಪೋಲ್ಟ್ ಮತ್ತು ಆರ್.ಆರ್. ಬೌಕರ್ ಪ್ರಮುಖರು. ಕೊಳ್ಳುವವರು ಸಂಘಟಿತರಾದರೆ ಮಾರುವವರಿಗೂ ಅನುಕೂಲವೆಂಬ ಅರಿವು ಆ ಕಾಲದ ಪುಸ್ತಕ ವರ್ತಕರಿಗಿತ್ತು.

ಆ ಸಮ್ಮೇಳನದಲ್ಲಿ ಕೈಗೆತ್ತಿಕೊಂಡ ಒಂದು ಕೆಲಸ ವಿಶೇಷವಾಗಿ ಗಮನಾರ್ಹ. ಹತ್ತೊಂಬತ್ತನೆಯ ಶತಮಾನದ ನಿಯತಕಾಲಿಕೆಗಳಲ್ಲಿ ಪ್ರಕಟವಾದ ಲೇಖನಗಳ ವಿಷಯಸೂಚಿಯೊಂದು ಬೇಕಾಗಿತ್ತು. ವಿಲಿಯಂ ಫ್ರೆಡರಿಕ್ ಪೂಲ್ ವಿದ್ಯಾರ್ಥಿಯಾಗಿದ್ದಾಗಲೇ ಅಂಥ ಸೂಚಿಯನ್ನು ತಯಾರಿಸಿದ್ದರು. ಅದನ್ನು ವಿಸ್ತರಿಸುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಸಮಿತಿಯು ಕೈಗೊಂಡ ಕ್ರಮ ಸರಳವಾದುದು. ಯಾವ ಗ್ರಂಥಾಲಯ ಯಾವ ಪತ್ರಿಕೆಯ ಸೂಚಿಯನ್ನು ಮಾಡಬೇಕೆಂದು ಹಂಚಿಕೊಡಲಾಯಿತು. ಎಲ್ಲರೂ ಒಂದೇ ರೀತಿಯಲ್ಲಿ ಬರೆಯುವಂತೆ ಮುದ್ರಿತ ನಿಯಮಗಳನ್ನು ಕೊಡಲಾಯಿತು. ಬಂದ ಕಾಗದಗಳನ್ನು ಒಂದೆಡೆ ಜೋಡಿಸುವ ಹೊಣೆ ಪೂಲ್ ಮತ್ತು ಅವರ ಸಹಸಂಪಾದಕರ ಮೇಲಿತ್ತು. 1882ರಲ್ಲಿ ಸೂಚಿ ಅಚ್ಚಾಯಿತು. ದೂರವಾಣಿ ಹರಡುವುದಕ್ಕೂ ಮುಂಚೆ, ಕೇವಲ ಅಂಚೆಯ ಮೂಲಕ, ಹತ್ತಾರು ಊರುಗಳ ಜನ ಸಂಬಳವಿಲ್ಲದೆ ಮಾಡಿ ಮುಗಿಸಿದ ಕಾರ್ಯವಿದು. 'ಎಲ್ಲರೂ ಸಹಕರಿಸಬೇಕಾಗಿ ವಿನಂತಿ' ಎಂಬ ಸುತ್ತೋಲೆಯಿಂದ ಅದು ಸಾಧ್ಯವಾದದ್ದಲ್ಲ. ತನ್ನ ಪಾಲಿನ ಕೆಲಸ ಇಂತಿಷ್ಟೇ ಎಂದು ಪ್ರತಿಯೊಬ್ಬರಿಗೂ ಗೊತ್ತಿದ್ದುದರಿಂದ ಸಾಧ್ಯವಾಯಿತು.

ಕಾರ್ಯದರ್ಶಿಯ ಒಂದೇ ತಿಜೋರಿ

ಸಂಘದ ಮೊದಲ ಕಾರ್ಯದರ್ಶಿ ಮೆಲ್ವಿಲ್ ಡ್ಯೂಯಿ. ಗ್ರಂಥಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ದಶಮಾಂಶ ವರ್ಗೀಕರಣದ ಕರ್ತೃ. 1876ರಲ್ಲಿ ಅವರಿಗೆ ಇನ್ನೂ 24 ವರ್ಷ. ಅಸಾಧಾರಣ ಕಾರ್ಯಶಕ್ತಿಯುಳ್ಳ ಇವರು ಗ್ರಂಥಾಲಯ ಸಂಘದ ಜೊತೆಗೆ ಮೆಟ್ರಿಕ್ ಪದ್ಧತಿಯ ಪ್ರಚಾರ ಸಂಸ್ಥೆ, ಇಂಗ್ಲಿಷ್ ಕಾಗುಣಿತ ಸುಧಾರಣೆಯ ಸಂಘ ಇವುಗಳ ಕಾರ್ಯದರ್ಶಿತ್ವವನ್ನೂ ವಹಿಸಿಕೊಂಡಿದ್ದರು. ಸಾಲದುದಕ್ಕೆ, ಗ್ರಂಥಾಲಯಗಳಿಗೆ ಬೇಕಾದ ಕಾರ್ಡು, ಪೆಟ್ಟಿಗೆ, ಲೇಖನ ಸಾಮಗ್ರಿಗಳನ್ನು ಮಾರುವ ವ್ಯವಹಾರವನ್ನೂ ನಡೆಸುತ್ತಿದ್ದರು. 1879ರಲ್ಲಿ ಅದು ಷೇರುದಾರರುಳ್ಳ ಕಂಪನಿಯಾಯಿತು.

ಇಲ್ಲಿ ಎರಡು ತೊಡಕುಗಳು ಒಟ್ಟಿಗೆ ಸೇರಿಕೊಂಡವು. ಗ್ರಂಥಸೂಚಿಯ ಕಾರ್ಡು ಯಾವ ಅಳತೆಯದಿರಬೇಕು ಎಂಬುದನ್ನು ಚರ್ಚಿಸಿ ಶಿಫಾರಸು ಮಾಡುವುದು ಸಂಘದ ಸಮಿತಿ. ಆ ಕಾರ್ಡನ್ನು ಮಾರುವವರು ಅದೇ ಸಂಘದ ಕಾರ್ಯದರ್ಶಿ. ಒಂದೇ ಅಳತೆ ರೂಢಿಗೆ ಬಂದದ್ದರಿಂದ ಗ್ರಂಥಾಲಯಗಳಿಗೆ ಅಪಾರ ಪ್ರಯೋಜನವಾಯಿತೆಂಬುದು ನಿಜ, 7.5 × 12.5 ಸೆಂ.ಮೀ. ಅಳತೆಯ ಕಾರ್ಡು ಮುಂದೆ ಪ್ರಪಂಚದ ಬಹುಭಾಗದಲ್ಲಿ ಬಳಕೆಗೆ ಬಂತು. ಆದರೂ ಅಳತೆ ನಿಗದಿ ಮಾಡುವವರೂ ಮಾರುವವರೂ ಒಬ್ಬರೇ ಆದಾಗ, ನಿರ್ಧಾರ ಎಷ್ಟೇ ಸರಿಯಾಗಿದ್ದರೂ ಅನುಮಾನ ತಪ್ಪುವುದಿಲ್ಲ.

ಎರಡನೆಯದು ಇನ್ನೂ ಗಂಭೀರವಾದುದು. ಸಂಘಗಳ ಹಣ, ಕಂಪನಿಯ ಹಣ, ಸ್ವಂತ ಹಣ ಪರಸ್ಪರ ಬೆರೆತುಹೋಗಿದ್ದವು. 1880ರಲ್ಲಿ ಕಂಪನಿಯ ಹೂಡಿಕೆದಾರರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕೊನೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿದು, ಡ್ಯೂಯಿ ಆ ಕಂಪನಿಯಿಂದ ಹೊರಬಂದು ಸರಬರಾಜಿನ ವ್ಯವಹಾರವನ್ನು ಬೇರೆಯಾಗಿಯೇ ನಡೆಸಬೇಕಾಯಿತು. ಸೇವಾಕಾರ್ಯದಲ್ಲಿ ಅವರ ನಿಷ್ಠೆಯನ್ನು ಆ ಕಾಲದವರು ಬಲ್ಲವರೇ. ಆದರೆ ಯಾವ ರೂಪಾಯಿ ಯಾರದೆಂದು ವಿಂಗಡಿಸಿ ತೋರಿಸಲಾಗದ ಪುಸ್ತಕವನ್ನು ನಿಷ್ಠೆಯೊಂದೇ ಸಮರ್ಥಿಸಲಾರದು. ಸದುದ್ದೇಶಕ್ಕೆ ಲೆಡ್ಜರಿನಲ್ಲಿ ಖಾತೆಯಿಲ್ಲ.

ನಮ್ಮ ಊರುಗಳ ಸಂಘಗಳಲ್ಲಿ ಇದರ ಚಿಕ್ಕ ಪ್ರತಿರೂಪಗಳು ಕಾಣಸಿಗುತ್ತವೆ. ವಸ್ತುಪ್ರದರ್ಶನ ಸಮಿತಿಯ ಉತ್ಸಾಹಿ ಸಂಚಾಲಕರೊಬ್ಬರು ಮಳಿಗೆಯ ಬಾಡಿಗೆಯನ್ನು ತಮ್ಮ ಅಂಗಡಿಯ ಖಾತೆಗೆ ಜಮಾ ಮಾಡಿಸಿಕೊಳ್ಳುತ್ತಾರೆಂದು ಭಾವಿಸೋಣ. ಶಾಮಿಯಾನದವನಿಗೆ, ಧ್ವನಿವರ್ಧಕದವನಿಗೆ ಅಲ್ಲಿಂದಲೇ ಪಾವತಿಸಿ, ಉಳಿದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಸಂಸ್ಥೆಗೆ ತಂದೊಪ್ಪಿಸುತ್ತಾರೆ. ಒಂದು ಪೈಸೆಯೂ ಕಳೆದಿರುವುದಿಲ್ಲ. ಆದರೂ ಬಾಡಿಗೆಯ ಮೊತ್ತ ಅವರ ವ್ಯಾಪಾರದ ವಹಿವಾಟಿನಲ್ಲಿ ಕಾಣಿಸಿಕೊಂಡು ತೆರಿಗೆ ಇಲಾಖೆಗೆ ಉತ್ತರ ಹೇಳಬೇಕಾಗುತ್ತದೆ, ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯ ಬಿಲ್ಲು ಸಿಗದೆ ಮಳಿಗೆ ಹಿಡಿದ ವ್ಯಾಪಾರಿಗಳು ಹೂಡುವಳಿ ತೆರಿಗೆಯ ಜಮೆಯನ್ನು ಕಳೆದುಕೊಳ್ಳುತ್ತಾರೆ. ಲೆಕ್ಕಪರಿಶೋಧಕರು ಷರಾ ಬರೆಯದೆ ಗತ್ಯಂತರವಿರುವುದಿಲ್ಲ. ಪ್ರಾಮಾಣಿಕ ವ್ಯಕ್ತಿಯೊಬ್ಬರು ಮುಂದಿನ ವರ್ಷದಿಂದ ಸಂಸ್ಥೆಯ ಕಡೆ ತಲೆಹಾಕದಂತಾಗಲು ಇಷ್ಟು ಸಾಕು. ಸಮಿತಿಯ ಹೆಸರಿನಲ್ಲಿ ಬರುವ ಹಣ ಸಂಸ್ಥೆಯ ಖಾತೆಗೇ ಬರಬೇಕು, ಹೋಗುವ ಹಣ ವೋಚರಿನ ಮೇಲೆಯೇ ಹೋಗಬೇಕು ಎಂಬ ನಿಯಮ ಅಪನಂಬಿಕೆಯ ಗುರುತಲ್ಲ. ಸೇವೆಗೆ ಬಂದವರಿಗೆ ಅದೇ ರಕ್ಷಣೆ.

(ಡ್ಯೂಯಿಯವರ ಹೆಸರಿನ ಪದಕವನ್ನು ಸಂಘವು ಬಹುಕಾಲ ನೀಡುತ್ತಿತ್ತು. ಮಹಿಳೆಯರ ವಿಷಯದಲ್ಲಿ ಅವರ ನಡತೆ ಹಾಗೂ ಜನಾಂಗೀಯ ಭೇದಭಾವಗಳನ್ನು ಪರಿಗಣಿಸಿ 2019ರಲ್ಲಿ ಸಂಘದ ಪರಿಷತ್ತು ಪದಕದಿಂದ ಆ ಹೆಸರನ್ನು ತೆಗೆದುಹಾಕಿತು. ಸ್ಥಾಪಕರ ಹೆಸರನ್ನೂ ಸದಸ್ಯರು ಪ್ರಶ್ನಿಸಬಹುದೆಂಬುದು ಆ ಸಂಘದ ಶಕ್ತಿಯೆನ್ನಬೇಕು.)

ಪದಕ ಕೊಟ್ಟ ವ್ಯಾಪಾರಿ, ತೀರ್ಪು ಕೊಟ್ಟ ಸಮಿತಿ

ಇದಕ್ಕೆ ಪ್ರತಿಯಾಗಿ ಅನುಕರಣೀಯವಾದ ನಿದರ್ಶನವೂ ಅದೇ ಸಂಘದಲ್ಲಿದೆ. ಪುಸ್ತಕ ಮಾರಾಟಗಾರರಾಗಿ ವೃತ್ತಿ ಆರಂಭಿಸಿ, ಬಳಿಕ 'ಪಬ್ಲಿಷರ್ಸ್ ವೀಕ್ಲಿ'ಯ ಸಂಪಾದಕರಾದ ಫ್ರೆಡರಿಕ್ ಮೆಲ್ಚರ್ 1921ರಲ್ಲಿ ಮಕ್ಕಳ ಗ್ರಂಥಪಾಲಕರ ಸಭೆಯಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು: ವರ್ಷದ ಅತ್ಯುತ್ತಮ ಮಕ್ಕಳ ಪುಸ್ತಕಕ್ಕೆ ಪದಕವೊಂದನ್ನು ಕೊಡಬೇಕು. ಪದಕಕ್ಕೆ ಅವರು ತಮ್ಮ ಹೆಸರನ್ನಿಡಲಿಲ್ಲ. ಹದಿನೆಂಟನೆಯ ಶತಮಾನದ ಲಂಡನ್ ಪುಸ್ತಕ ವ್ಯಾಪಾರಿ ಜಾನ್ ನ್ಯೂಬೆರಿಯ ಹೆಸರನ್ನಿಟ್ಟರು. ಆಯ್ಕೆಯನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳದೆ ಪೂರ್ಣವಾಗಿ ಗ್ರಂಥಪಾಲಕರಿಗೆ ಬಿಟ್ಟುಕೊಟ್ಟರು. 1922ರಲ್ಲಿ ಮೊದಲ ಪದಕ ಹೆಂಡ್ರಿಕ್ ವಾನ್ ಲೂನ್ ಅವರ ಕೃತಿಗೆ ಸಂದಿತು. ಮುಂದೆ ಮೆಲ್ಚರ್ ಅವರೇ ಸೂಚಿಸಿದ, ಚಿತ್ರಪುಸ್ತಕಗಳಿಗಾಗಿ ಇರುವ ಕಾಲ್ಡೆಕಾಟ್ ಪದಕ 1938ರಲ್ಲಿ ಆರಂಭವಾಯಿತು.

ಪದಕ ಬಂದ ಪುಸ್ತಕದ ಮಾರಾಟ ಹೆಚ್ಚುವುದೂ, ಅದು ವರ್ಷಾನುಗಟ್ಟಲೆ ಅಚ್ಚಿನಲ್ಲಿ ಉಳಿಯುವುದೂ ಪ್ರಕಾಶಕರೆಲ್ಲರಿಗೆ ತಿಳಿದ ಸಂಗತಿ. ಇಷ್ಟು ಬೆಲೆಬಾಳುವ ತೀರ್ಪನ್ನು ನೀಡುವ ಸಮಿತಿಯ ಸದಸ್ಯರು ವರ್ಷವಿಡೀ ರಾಶಿರಾಶಿ ಪುಸ್ತಕಗಳನ್ನು ಓದುತ್ತಾರೆ. ಈ ಕೆಲಸಕ್ಕೆ ಸಂಭಾವನೆಯಿಲ್ಲ. ಲೇಖಕರೊಡನೆ ಅಥವಾ ಪ್ರಕಾಶನ ಸಂಸ್ಥೆಯೊಡನೆ ಹಿತಸಂಬಂಧವಿರುವವರು ಅದನ್ನು ಮೊದಲೇ ಪ್ರಕಟಪಡಿಸಬೇಕು. ಸಮಿತಿಯೊಳಗಿನ ಚರ್ಚೆ ಗೋಪ್ಯವಾಗಿ ಉಳಿಯಬೇಕು. ಒಂದು ಶತಮಾನಕ್ಕೂ ಮಿಕ್ಕಿ ಆ ಪದಕ ಮರ್ಯಾದೆ ಉಳಿಸಿಕೊಂಡಿರುವುದು ಹಣ ಕೊಟ್ಟವರು ತೀರ್ಪಿನಿಂದ ದೂರ ನಿಂತದ್ದರಿಂದ. ಜಿಲ್ಲಾ ಮಟ್ಟದಲ್ಲಿ 'ಉತ್ತಮ ಉದ್ಯಮಿ' ಪ್ರಶಸ್ತಿಗಳನ್ನು ಏರ್ಪಡಿಸುವ ನಮ್ಮ ಸಂಸ್ಥೆಗಳಲ್ಲಿ ಪ್ರಾಯೋಜಕರೇ ಆಯ್ಕೆ ಸಮಿತಿಯಲ್ಲಿ ಕೂರುವುದುಂಟು. ಆ ಪ್ರಶಸ್ತಿಫಲಕವನ್ನು ಗೋಡೆಗೆ ತೂಗುಹಾಕಿದವರನ್ನು ಬಿಟ್ಟು ಬೇರಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ನೇಮಕ, ಅವಧಿ, ವೆಚ್ಚ

ಈಗ ಆ ಸಂಘದಲ್ಲಿ ಸಮಿತಿಗೆ ಸೇರಬಯಸುವವರು ಸ್ವಯಂಸೇವೆಯ ಅರ್ಜಿಯನ್ನು ಸಲ್ಲಿಸುತ್ತಾರೆ. ಮುಂದಿನ ವರ್ಷ ಅಧಿಕಾರ ವಹಿಸಿಕೊಳ್ಳಲಿರುವ ನಿಯೋಜಿತ ಅಧ್ಯಕ್ಷರು ಅರ್ಜಿಗಳನ್ನು ಪರಿಶೀಲಿಸಿ ನೇಮಕಾತಿಗಳನ್ನು ಮಾಡುತ್ತಾರೆ. ಸಾಮಾನ್ಯವಾಗಿ ಅವಧಿ ಎರಡು ವರ್ಷ. ಹೊಸಬರು ಕೆಲಸ ಕಲಿಯಲೆಂದು ತರಬೇತಿ ಸದಸ್ಯರ ಸ್ಥಾನಗಳೂ ಉಂಟು. ಅಧ್ಯಕ್ಷರು ಪೀಠವೇರುವ ಮೊದಲೇ ಸಮಿತಿಗಳು ಸಿದ್ಧವಾಗಿರುವುದರಿಂದ ವರ್ಷದ ಮೊದಲ ನಾಲ್ಕು ತಿಂಗಳು ಹೆಸರು ಹುಡುಕುವುದರಲ್ಲಿ ವ್ಯರ್ಥವಾಗುವುದಿಲ್ಲ. ನಮ್ಮಲ್ಲಿ ಉಪಾಧ್ಯಕ್ಷರೇ ಮುಂದಿನ ಅಧ್ಯಕ್ಷರಾಗುವ ರೂಢಿ ಹಲವೆಡೆ ಇದೆ. ಆದರೆ ಸಮಿತಿಗಳನ್ನು ಮುಂಚಿತವಾಗಿ ಯೋಜಿಸುವ ರೂಢಿ ಇಲ್ಲ.

ವೆಚ್ಚದ ಮಾತು. ಅಮೆರಿಕದ ಆದಾಯ ತೆರಿಗೆಯ ನಿಯಮದಂತೆ ಧರ್ಮಾರ್ಥ ಸಂಸ್ಥೆಗೆ ಸೇವೆ ಸಲ್ಲಿಸಿದವರು ತಾವು ಕೊಟ್ಟ ಸಮಯದ ಬೆಲೆಯನ್ನು ವಜಾ ಕೇಳುವಂತಿಲ್ಲ. ಸಂಸ್ಥೆಯಿಂದ ಮರಳಿ ಬಾರದ ಕೈಯಿಂದಾದ ವೆಚ್ಚವನ್ನು ಮಾತ್ರ ಷರತ್ತುಗಳಿಗೊಳಪಟ್ಟು ಕೇಳಬಹುದು. ಸ್ವಂತ ಕಾರಿನಲ್ಲಿ ಹೋಗಿ ಬಂದರೆ ಮೈಲಿಗೆ 14 ಸೆಂಟ್. ಈ ದರವನ್ನು ಕಾಯ್ದೆಯಲ್ಲೇ ಬರೆದಿಟ್ಟಿರುವುದರಿಂದ 1998ರಿಂದ ಅದು ಏರಿಲ್ಲ! ಇನ್ನೊಂದೆಡೆ, 1997ರ ಸ್ವಯಂಸೇವಕರ ರಕ್ಷಣಾ ಕಾಯ್ದೆಯು ಸಂಭಾವನೆಯಿಲ್ಲದೆ, ತನಗೆ ವಹಿಸಿದ ಹೊಣೆಯ ವ್ಯಾಪ್ತಿಯೊಳಗೆ ದುಡಿದವರಿಗೆ ಸಾಮಾನ್ಯ ಅಜಾಗ್ರತೆಯ ದಾವೆಗಳಿಂದ ರಕ್ಷಣೆ ನೀಡುತ್ತದೆ. ಘೋರ ನಿರ್ಲಕ್ಷ್ಯಕ್ಕೂ ಉದ್ದೇಶಪೂರ್ವಕ ದುರ್ವರ್ತನೆಗೂ ಆ ರಕ್ಷಣೆಯಿಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆಯ ಆಸರೆಯಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿತವಾದ ಸಂಘದ ವ್ಯವಹಾರದ ಬಗ್ಗೆ ನೋಂದಣಾಧಿಕಾರಿಗಳು ವಿಚಾರಣೆ ನಡೆಸಬಹುದು. ಆಗ ಸದಸ್ಯರನ್ನು ಕಾಯುವುದು ಸಭೆಯ ನಡವಳಿ ಪುಸ್ತಕ. ಒಪ್ಪದ ನಿರ್ಣಯಕ್ಕೆ ಭಿನ್ನಾಭಿಪ್ರಾಯವನ್ನು ಅಲ್ಲಿ ದಾಖಲಿಸದೆ, ಹೊರಗೆ ಬಂದು ಹೋಟೆಲಿನಲ್ಲಿ ಹೇಳಿಕೊಂಡರೆ ಅದು ದಾಖಲೆಯಾಗದು.

ಸಮಯದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು. ಸಣ್ಣ ಉತ್ಪಾದಕರೊಬ್ಬರ ಒಂದು ಗಂಟೆಯ ಬೆಲೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೊಂದು ಸಭೆ, ಹೋಗಿಬರುವುದು, ಕೂರುವುದು, ಕಾಗದ ಓದುವುದು ಸೇರಿ 6 ಗಂಟೆ. ವರ್ಷಕ್ಕೆ 72 ಗಂಟೆ, ಅಂದರೆ 28,800 ರೂಪಾಯಿ. ಒಂಬತ್ತು ಮಂದಿಯ ಸಮಿತಿಗೆ 2,59,200 ರೂಪಾಯಿ. ಯಾವ ಆಯವ್ಯಯ ಪಟ್ಟಿಯಲ್ಲಿಯೂ ಕಾಣದ ಈ ಮೊತ್ತ ಹಲವು ಸಂಸ್ಥೆಗಳ ವಾರ್ಷಿಕ ವಂತಿಗೆಗಿಂತ ಹೆಚ್ಚಾಗಿರಬಹುದು. ಕಾರ್ಯಸೂಚಿಯಿಲ್ಲದೆ ಸಭೆ ಕರೆಯುವ ಸಂಚಾಲಕರು ಖರ್ಚು ಮಾಡುತ್ತಿರುವುದು ಈ ಹಣವನ್ನು.

ಬೆಂಗಳೂರಿನ ನಂಟು

ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಡಾ. ಎಸ್.ಆರ್. ರಂಗನಾಥನ್ ಈ ಬಗೆಯ ಸೇವೆಗೆ ನಮ್ಮ ನಾಡಿನ ದೊಡ್ಡ ಉದಾಹರಣೆ. 1928ರಲ್ಲಿ ಹುಟ್ಟಿದ ಮದ್ರಾಸು ಗ್ರಂಥಾಲಯ ಸಂಘವನ್ನು ಬೆಳೆಸಿದವರು, 1944ರಿಂದ 1953ರವರೆಗೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರಾಗಿದ್ದವರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಇದೇ ನಗರದಲ್ಲಿ ತೀರಿಕೊಂಡರು. ವ್ಯಾಪಾರಿಗಳು ಗಮನಿಸಬೇಕಾದದ್ದು ಅವರ ಇನ್ನೊಂದು ಹೊಣೆಗಾರಿಕೆಯನ್ನು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾದಾಗ ಅದರ ಪ್ರಲೇಖನ ಸಮಿತಿಯ ಅಧ್ಯಕ್ಷತೆಯನ್ನು ರಂಗನಾಥನ್ ವಹಿಸಿಕೊಂಡರು. ಅಂದಿನ ಐ.ಎಸ್.ಐ. 1987ರಿಂದ ಭಾರತೀಯ ಮಾನಕ ಬ್ಯೂರೋ ಎನಿಸಿದೆ. ಕೊಳವೆ, ತಂತಿ, ಪಂಪು, ಪಾತ್ರೆ ಯಾವುದರ ಮಾನಕವೇ ಆಗಲಿ, ಅದನ್ನು ರೂಪಿಸುವುದು ಇಂದಿಗೂ ತಜ್ಞರು, ಉತ್ಪಾದಕರು, ಬಳಕೆದಾರರು ಕೂಡಿದ ಸಮಿತಿಗಳೇ. ಕರಡನ್ನು ಅಭಿಪ್ರಾಯಕ್ಕಾಗಿ ಹೊರಡಿಸಲಾಗುತ್ತದೆ. ದೊಡ್ಡ ಕಾರ್ಖಾನೆಗಳು ಅಲ್ಲಿಗೆ ತಮ್ಮ ಎಂಜಿನಿಯರರನ್ನು ಕಳುಹಿಸುತ್ತವೆ. ಸಣ್ಣ ಉತ್ಪಾದಕರ ಕುರ್ಚಿ ಖಾಲಿಯಿದ್ದರೆ, ಅವರ ಯಂತ್ರದಲ್ಲಿ ಸಾಧ್ಯವಾಗದ ಪರೀಕ್ಷೆಯೊಂದು ಮಾನಕದೊಳಗೆ ಸೇರಿದಾಗ ಆಕ್ಷೇಪಿಸುವವರಿರುವುದಿಲ್ಲ. ಮಾನಕ ಕಡ್ಡಾಯವಾದ ಮೇಲೆ ಮನವಿ ಕೊಡುವುದಕ್ಕಿಂತ ಕರಡಿನ ಹಂತದಲ್ಲಿ ಎರಡು ಪುಟ ಬರೆಯುವುದು ಅಗ್ಗ.

ಆದುದರಿಂದ ಸಮಿತಿಗೆ ಆಹ್ವಾನ ಬಂದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಕಾಗದಗಳನ್ನು ಕೇಳಿ ಪಡೆಯುವುದು ಒಳಿತು: ಸಮಿತಿಯ ಕಾರ್ಯವ್ಯಾಪ್ತಿ ಮತ್ತು ಅವಧಿಯನ್ನು ತಿಳಿಸುವ ನಿರ್ಣಯದ ನಕಲು, ಹಿಂದಿನ ವರ್ಷದ ಸಭೆಗಳ ನಡವಳಿ, ಸಮಿತಿಗೆ ಮಂಜೂರಾದ ಮೊತ್ತ. ಸಂಸ್ಥೆಗೆ ಸರಕು ಮಾರುವ ಅಥವಾ ಸೇವೆ ಒದಗಿಸುವ ವ್ಯವಹಾರವಿದ್ದಲ್ಲಿ ಅದನ್ನು ಅದೇ ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿನಲ್ಲಿ ತಿಳಿಸಬೇಕು. ಆ ವಿಷಯ ಚರ್ಚೆಗೆ ಬಂದಾಗ ಸಭೆಯಿಂದ ಹೊರಗಿದ್ದು, ಹೊರಗಿದ್ದುದನ್ನು ನಡವಳಿಯಲ್ಲಿ ಬರೆಯಿಸಬೇಕು. ತಿಂಗಳಿಗೆ ಆರು ಗಂಟೆ ಕೊಡಲಾಗದವರು ಆ ವರ್ಷ ಹೆಸರು ಕೊಡದಿರುವುದೇ ಲೇಸು. ಅವರ ಜಾಗಕ್ಕೆ ಕೆಲಸ ಕಲಿಯಬಯಸುವ ಯುವ ವ್ಯಾಪಾರಿಯೊಬ್ಬರ ಹೆಸರನ್ನು ಸೂಚಿಸಬಹುದು.