ಮೈಲುತುತ್ತದೊಳಗಿನ ತಾಮ್ರ

ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಕೆಲಸ ಮಾಡುವುದು ತಾಮ್ರವೆಂಬ ಮೂಲವಸ್ತು. ಅದರ ಪ್ರತಿಯೊಂದು ಪರಮಾಣುವಿನಲ್ಲೂ 29 ಪ್ರೋಟಾನುಗಳಿವೆ. ಆವರ್ತ ಕೋಷ್ಟಕದಲ್ಲಿ ಅದರ ಸಂಖ್ಯೆಯೂ 29. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ. ಉಳಿದದ್ದು ಗಂಧಕ, ಆಮ್ಲಜನಕ ಮತ್ತು ನೀರು.

100 ಲೀಟರ್ ನೀರಿಗೆ ತುತ್ತ, ಸುಣ್ಣ ತಲಾ ಒಂದು ಕಿಲೋ. ಸುಣ್ಣ ಸಾಲದಿದ್ದರೆ ಕರಗಿದ ತಾಮ್ರ ಉಳಿದು ಎಳೆಗಾಯಿಯನ್ನು ಸುಡುತ್ತದೆ. ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಅದು ತಾಮ್ರವೇ: ಕಬ್ಬಿಣದ ಪರಮಾಣುಗಳು ಕರಗಿ, ಆ ಜಾಗದಲ್ಲಿ ತಾಮ್ರದವು ಕುಳಿತಿವೆ. ಆಗ ಸುಣ್ಣದ ನೀರು ಇನ್ನಷ್ಟು ಸೇರಿಸಬೇಕು.

ಮೂಲವಸ್ತು ಕೊಳೆತು ಹೋಗುವಂಥದಲ್ಲ. ಹೊಡೆದ ತಾಮ್ರ ಮಳೆಗೆ ತೊಳೆದು ಮಣ್ಣು ಸೇರಿ, ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಮಿತಿಮೀರಿದರೆ ಬೇರಿಗೂ ಎರೆಹುಳುವಿಗೂ ಕೇಡು. ಆದುದರಿಂದ ‘ಇನ್ನೊಂದು ಹಿಡಿ ತುತ್ತ ಇರಲಿ’ ಎನ್ನುವ ಅಭ್ಯಾಸವನ್ನು ನಾವು ಬಿಡೋಣ.