ವ್ಯಾಪಾರದ ಲೆಕ್ಕಕ್ಕೆ ಫಲನಭಾಷೆ

ಹಾನಗಲ್ಲಿನ ಭತ್ತ, ಶಿಗ್ಗಾಂವಿಯ ಹತ್ತಿ, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಮೆಕ್ಕೆಜೋಳ: ಮಾಲು ಬೇರೆಯಾದರೂ ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ವ್ಯಾಪಾರದ ಲೆಕ್ಕದ ತಿರುಳು ಒಂದೇ. 12 ಕ್ವಿಂಟಲ್ ಜೋಳಕ್ಕೆ ಕ್ವಿಂಟಲಿಗೆ 2,000 ರೂಪಾಯಿ ದರ, 300 ರೂಪಾಯಿ ವೆಚ್ಚ ಎಂದಿಟ್ಟುಕೊಳ್ಳೋಣ. ರೈತನಿಗೆ ಸಲ್ಲಬೇಕಾದುದು 23,700 ರೂಪಾಯಿ. ತೂಕ, ದರ, ವೆಚ್ಚಗಳು ಅವೇ ಆಗಿರುವವರೆಗೆ ಉತ್ತರವೂ ಅದೇ. ಇಂತಹ ಸಂಬಂಧವನ್ನು ಗಣಿತದಲ್ಲಿ ‘ಫಲನ’ವೆನ್ನುವರು.

ಸಾಮಾನ್ಯ ಕ್ರಮವಿಧಿಗಳಲ್ಲಿ ದರವನ್ನು ಗಣಕಯಂತ್ರದ ಸ್ಮೃತಿಯಲ್ಲಿ ಒಂದೆಡೆ ಬರೆದಿಟ್ಟು, ಬೇಕಾದಾಗ ತಿದ್ದುವುದು ವಾಡಿಕೆ. ಒಬ್ಬ ರೈತನ ಲೆಕ್ಕ ನಡೆದಿರುವಾಗಲೇ ಕ್ರಮವಿಧಿಯ ಮತ್ತೊಂದು ಭಾಗವು ಆ ದರವನ್ನು ತಿದ್ದಿದರೆ ಉತ್ತರ ಕೆಡಬಹುದು. ತಪ್ಪು ಎಲ್ಲಿ ನುಸುಳಿತೆಂದು ಹುಡುಕುವುದೂ ಕಷ್ಟ. ಫಲನಭಾಷೆಯಲ್ಲಿ ಕೊಟ್ಟ ಬೆಲೆಗಳನ್ನು ತಿದ್ದದೆ, ಅವುಗಳಿಂದ ಹೊಸ ಬೆಲೆಯನ್ನು ಪಡೆಯುವುದೇ ಕ್ರಮ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರನ್ನು ಹೊತ್ತು 1990ರಲ್ಲಿ ಪ್ರಕಟವಾದ ‘ಹ್ಯಾಸ್ಕೆಲ್’ ಇಂತಹ ಭಾಷೆ. ಕ್ವಿಂಟಲ್ ಮತ್ತು ರೂಪಾಯಿಗಳನ್ನು ಬೇರೆ ಬೇರೆ ಜಾತಿಯ ಬೆಲೆಗಳೆಂದು ಮೊದಲೇ ಸಾರಿದರೆ, ಒಂದಕ್ಕೆ ಮತ್ತೊಂದನ್ನು ಕೂಡುವ ಕ್ರಮವಿಧಿಯನ್ನು ಅದು ನಡೆಸುವ ಮುನ್ನವೇ ತಿರಸ್ಕರಿಸುತ್ತದೆ. ಆದರೆ ಸೂತ್ರವೇ ತಪ್ಪಿದ್ದರೆ ಯಾವ ಭಾಷೆಯೂ ಕಾಯಲಾರದು.

ಇಷ್ಟು ಗುಣವಿದ್ದರೂ ವ್ಯಾಪಾರಿಗಳು ಹಿಂಜರಿಯುವುದೇಕೆ? ಅದನ್ನು ಬಲ್ಲವರು ವಿರಳ. ಬಲ್ಲ ಒಬ್ಬನೇ ಕೆಲಸ ಬಿಟ್ಟುಹೋದರೆ ಲೆಕ್ಕವನ್ನು ನೋಡಿಕೊಳ್ಳುವವರಾರು? ಈ ಭಯ ನ್ಯಾಯವಾದುದೇ. ಆದ್ದರಿಂದ ನೆರವಾಗಬಯಸುವವನು ಭಾಷೆಯನ್ನು ಹೊಗಳುತ್ತ ಕೂಡಬಾರದು. ಇಡೀ ವ್ಯವಹಾರವನ್ನು ಬದಲಿಸದೆ, ಒಂದು ಸಣ್ಣ ಲೆಕ್ಕವನ್ನು ಮಾತ್ರ ಹೊಸ ಭಾಷೆಯಲ್ಲಿ ಬರೆಯಬೇಕು. ಕೆಲಕಾಲ ಹಳೆಯ ಲೆಕ್ಕದೊಡನೆ ತಾಳೆನೋಡಬೇಕು. ಅಂಗಡಿಯವರಲ್ಲೇ ಇಬ್ಬರಿಗಾದರೂ ಅದನ್ನು ಕಲಿಸಬೇಕು. ಕಲಿಸದೆ ಕೊಟ್ಟ ಉಪಕರಣ ನೆರವಲ್ಲ, ಹೊಸ ಪರಾಧೀನತೆ.

ಇದು ಆಗದ ಮಾತಲ್ಲ. ಬೆಂಗಳೂರಿನ ಜಸ್‌ಪೇ ಸಂಸ್ಥೆ ಹಣಪಾವತಿಯ ವ್ಯವಹಾರದಲ್ಲಿ ಹ್ಯಾಸ್ಕೆಲನ್ನು ಬಳಸಿದೆ. ಅದೇ ಸಂಸ್ಥೆ ರೂಪಿಸಿ 2022ರಲ್ಲಿ ಬಳಕೆಗೆ ಬಂದ, ಆಟೋರಿಕ್ಷಾಗಳನ್ನು ಗೊತ್ತುಪಡಿಸುವ ‘ನಮ್ಮ ಯಾತ್ರಿ’ಯ ಹಿನ್ನೆಲೆಯ ಕೆಲಸವೂ ಈ ಭಾಷೆಯಲ್ಲೇ ನಡೆಯುತ್ತದೆ. ಅದರ ಕ್ರಮವಿಧಿಯನ್ನು ಯಾರು ಬೇಕಾದರೂ ಓದಿ ಕಲಿಯುವಂತೆ ಬಹಿರಂಗವಾಗಿ ಇಡಲಾಗಿದೆ.

ವಿದ್ಯಾರ್ಥಿಗಳು ನಿಮ್ಮೂರಿನ ಒಂದು ಅಂಗಡಿಯ ಲೆಕ್ಕವನ್ನು ಆರಿಸಿಕೊಂಡು, ಅದರಲ್ಲಿ ಕೊಡುವ ಬೆಲೆಗಳಾವುವು, ಬರುವ ಬೆಲೆ ಯಾವುದು ಎಂದು ಕಾಗದದ ಮೇಲೆ ಬರೆದು ನೋಡಿರಿ. ಫಲನಭಾಷೆಯ ಮೊದಲ ಪಾಠ ಅದೇ.